ಉದ್ಯಾನ ಕೊಳದ ನೈದಿಲೆ: ಒಂದು ಆರೈಕೆಯ ಇತಿಹಾಸ

೧

ಕನ್ನಡ ಕಾವ್ಯಗಳನ್ನು ಓದುವವರಿಗೆ ನೈದಿಲೆಯು ಅಪರಿಚಿತವಾದ ಹೂವಲ್ಲ. ಚಂದ್ರೋದಯದ ವರ್ಣನೆ ಬಂದಲ್ಲಿ ಕುಮುದವು ಅರಳುತ್ತದೆ. ಸೂರ್ಯೋದಯದ ವರ್ಣನೆ ಬಂದಲ್ಲಿ ಅದು ಮುಗಿದು ತಾವರೆಯು ಬಿರಿಯುತ್ತದೆ. ಕುಮುದ, ಕೈರವ, ಕುವಲಯ, ಇಂದೀವರ, ಉತ್ಪಲ ಎಂದು ನಮ್ಮ ನಿಘಂಟುಗಳು ಈ ಜಾತಿಯ ಹೂಗಳಿಗೆ ಕೊಡುವ ಹೆಸರುಗಳು ಹಲವು. ಹೆಸರುಗಳು ಇಷ್ಟಿದ್ದರೂ ಈ ಹೂವನ್ನು ಕೊಳದಲ್ಲಿ ನೆಟ್ಟವರು ಯಾರು, ಯಾವ ಮಣ್ಣಿನಲ್ಲಿ ಎಷ್ಟು ಆಳಕ್ಕೆ ನೆಟ್ಟರು, ಹಳದಿಯಾದ ಎಲೆಯನ್ನು ಯಾರು ಕಿತ್ತರು ಎಂಬ ಪ್ರಶ್ನೆಗಳನ್ನು ನಾವು ಸಾಮಾನ್ಯವಾಗಿ ಕೇಳುವುದಿಲ್ಲ. ಹೂವನ್ನು ಕಂಡ ಕವಿಯನ್ನು, ಕೊಳವನ್ನು ತೋಡಿಸಿದ ಅರಸನನ್ನು, ಸಸ್ಯಕ್ಕೆ ಶಾಸ್ತ್ರೀಯ ನಾಮವನ್ನಿತ್ತ ವಿದ್ವಾಂಸನನ್ನು ಇತಿಹಾಸವು ನೆನೆಯುತ್ತದೆ. ಕೊಳಕ್ಕಿಳಿದು ಕೆಸರಿನಲ್ಲಿ ನಿಂತವನನ್ನು ನೆನೆಯುವುದು ಅಪೂರ್ವ.

ಇಂದು ಜಗತ್ತಿನ ಉದ್ಯಾನಗಳಲ್ಲಿ ಕಾಣಸಿಗುವ ಬಣ್ಣಬಣ್ಣದ ನೈದಿಲೆಗಳಲ್ಲಿ ಬಹುಭಾಗ ಕಾಡಿನ ಸಸ್ಯಗಳಲ್ಲ. ಅವು ಕಳೆದ ನೂರೆಪ್ಪತ್ತು ವರ್ಷಗಳಲ್ಲಿ ಮನುಷ್ಯನ ಕೈಯಲ್ಲಿ ಹುಟ್ಟಿದವು. ಮನುಷ್ಯನ ಕೈಯಲ್ಲಿಯೇ ಉಳಿದುಬಂದವು. ಆದುದರಿಂದ ಈ ಹೂವಿನ ಇತಿಹಾಸವನ್ನು ಬರೆಯಹೊರಟವನು ಅದರ ಆರೈಕೆಯ ಇತಿಹಾಸವನ್ನು ಬರೆಯಲೇಬೇಕಾಗುತ್ತದೆ. ಈ ಲೇಖನದಲ್ಲಿ ನಾವು ಈಜಿಪ್ಟು, ಇಂಗ್ಲೆಂಡು ಮತ್ತು ಫ್ರಾನ್ಸು ದೇಶಗಳ ಕೆಲವು ಕೊಳಗಳನ್ನು ಈ ದೃಷ್ಟಿಯಿಂದ ಪರಿಶೀಲಿಸಿ, ಅಲ್ಲಿ ರೂಪುಗೊಂಡ ಕ್ರಮವು ನಮ್ಮ ಕೊಳಗಳಿಗೆ ಎಷ್ಟರಮಟ್ಟಿಗೆ ಸಲ್ಲುತ್ತದೆಂಬುದನ್ನು ಕೊನೆಯಲ್ಲಿ ವಿಚಾರಿಸುತ್ತೇವೆ.

೨

ಮೊದಲು ಹೆಸರಿನ ಗೊಂದಲವನ್ನು ಪರಿಹರಿಸಿಕೊಳ್ಳುವುದು ಅಗತ್ಯ. ತಾವರೆ ಮತ್ತು ನೈದಿಲೆಗಳನ್ನು ಹಿಂದಿನ ಸಸ್ಯಶಾಸ್ತ್ರಜ್ಞರು ಒಂದೇ ಕುಟುಂಬಕ್ಕೆ ಸೇರಿಸಿದ್ದರು. ಈಗಿನ ವರ್ಗೀಕರಣದಂತೆ ಅವುಗಳಿಗೆ ಹತ್ತಿರದ ನಂಟಿಲ್ಲ. ನೈದಿಲೆಯ ಕುಟುಂಬವು ಹೂಬಿಡುವ ಸಸ್ಯಗಳ ವಂಶವೃಕ್ಷದಲ್ಲಿ ಬಹಳ ಮೊದಲೇ ಕವಲೊಡೆದ ಪ್ರಾಚೀನ ಶಾಖೆಗೆ ಸೇರಿದುದು; ತಾವರೆಯು ಬೇರೊಂದು ಶಾಖೆಗೆ ಸೇರಿದುದು. ನೀರಿನಲ್ಲಿ ಬಾಳಬೇಕಾದ ಒಂದೇ ಅಗತ್ಯವು ಇವೆರಡಕ್ಕೂ ಒಂದೇ ಬಗೆಯ ಹೊರರೂಪವನ್ನು ಕೊಟ್ಟಿದೆ. ಕೊಳದ ದಂಡೆಯಲ್ಲಿ ನಿಂತು ಇವನ್ನು ಗುರುತಿಸುವುದು ಕಷ್ಟವಲ್ಲ. ತಾವರೆಯ ಬಲಿತ ಎಲೆಗೆ ಸೀಳಿಲ್ಲ. ಅದು ನೀರನ್ನು ಬಿಟ್ಟು ಮೇಲೆದ್ದು ನಿಲ್ಲುತ್ತದೆ. ನೈದಿಲೆಯ ಎಲೆಯು ತೊಟ್ಟಿನವರೆಗೆ ಸೀಳಿಕೊಂಡು ನೀರಿನ ಮೇಲೆ ಮಲಗಿರುತ್ತದೆ.

ನೈದಿಲೆಗಳಲ್ಲಿಯೂ ಎರಡು ಬಗೆ. ಚಳಿಯನ್ನು ತಾಳುವ ಶೀತದೇಶದ ಜಾತಿಗಳು ಕೆಸರಿನಲ್ಲಿ ಅಡ್ಡವಾಗಿ ಹರಿಯುವ ಗುಪ್ತಕಾಂಡದಿಂದ ಬೆಳೆಯುತ್ತವೆ. ಕಾಂಡವು ಹೆಪ್ಪುಗಟ್ಟದಿದ್ದರೆ ಮೇಲಿನ ನೀರು ಮಂಜುಗಡ್ಡೆಯಾದರೂ ಅವು ಸಾಯುವುದಿಲ್ಲ. ಉಷ್ಣದೇಶದ ಜಾತಿಗಳು ಸಾಮಾನ್ಯವಾಗಿ ಗುಂಡಾದ ಗೆಡ್ಡೆಯಿಂದ ಬೆಳೆಯುತ್ತವೆ. ಅವುಗಳಿಗೆ ಬೆಚ್ಚಗಿನ ನೀರು ಬೇಕು. ಉಷ್ಣದೇಶದವುಗಳಲ್ಲಿ ಹಗಲಿನಲ್ಲಿ ಅರಳುವವೂ ರಾತ್ರಿಯಲ್ಲಿ ಅರಳುವವೂ ಇವೆ. ನಮ್ಮ ಕೆರೆಗಳ ಬಿಳಿ ಮತ್ತು ಕೆಂಪು ನೈದಿಲೆಗಳು ರಾತ್ರಿ ಅರಳಿ ಬೆಳಗಿನ ಹೊತ್ತು ಏರಿದಂತೆ ಮುಚ್ಚಿಕೊಳ್ಳುತ್ತವೆ; ಚಂದ್ರನಿಗೂ ಕುಮುದಕ್ಕೂ ಕವಿಗಳು ಕಲ್ಪಿಸಿದ ನಂಟಿಗೆ ಇದು ಆಧಾರ. ನೀಲಿಯ ನೈದಿಲೆಯಾದರೋ ಹಗಲಿನಲ್ಲಿ ಅರಳುವಂಥದು. ನೀಲೋತ್ಪಲವು ಹಗಲಿನಲ್ಲಿ ಅರಳುವುದುಂಟಾದರೂ ಅದನ್ನು ವರ್ಣಿಸದಿರುವುದು ಕವಿಸಮಯವೆಂದು ರಾಜಶೇಖರನು ತನ್ನ ಕಾವ್ಯಮೀಮಾಂಸೆಯಲ್ಲಿ ಎಣಿಸಿರುವುದನ್ನು ಇಲ್ಲಿ ಸ್ಮರಿಸಬಹುದು. ಕಂಡದ್ದನ್ನೂ ಬರೆಯದೆ ಬಿಡುವ ವಾಡಿಕೆ ಕವಿಗಳಲ್ಲಿದ್ದಂತೆ ಚರಿತ್ರಕಾರರಲ್ಲಿಯೂ ಇದೆಯೆಂಬುದು ಮುಂದೆ ಸ್ಪಷ್ಟವಾಗುವುದು.

೩

ತೋಡಿದ ಕೊಳದಲ್ಲಿ ನೈದಿಲೆಯನ್ನು ಬೆಳೆಸಿದುದಕ್ಕೆ ಪ್ರಾಚೀನ ಈಜಿಪ್ಟಿನಲ್ಲಿ ನಿಸ್ಸಂದೇಹವಾದ ಸಾಕ್ಷ್ಯವಿದೆ. ಕ್ರಿ. ಪೂ. ೧೩೫೦ರ ಸುಮಾರಿನಲ್ಲಿ ಥೀಬ್ಸ್ ನಗರದಲ್ಲಿದ್ದ ನೆಬಾಮುನ್ ಎಂಬ ಅಧಿಕಾರಿಯ ಸಮಾಧಿಯ ಭಿತ್ತಿಚಿತ್ರಗಳು ಈಗ ಬ್ರಿಟಿಷ್ ಮ್ಯೂಸಿಯಮ್ಮಿನಲ್ಲಿವೆ. ಅವುಗಳಲ್ಲೊಂದು ಉದ್ಯಾನದ ಚಿತ್ರ. ನಡುವೆ ಆಯತಾಕಾರದ ಕೊಳ. ಅದರಲ್ಲಿ ಮೀನು, ಬಾತು, ನೈದಿಲೆ. ಸುತ್ತಲೂ ಫಲವೃಕ್ಷಗಳ ಸಾಲು. ಈಜಿಪ್ಟಿನ ‘ಕಮಲ’ವೆಂದು ಹಳೆಯ ಪುಸ್ತಕಗಳು ಹೇಳುವ ಹೂವು ವಾಸ್ತವವಾಗಿ ಅಲ್ಲಿನ ನೀಲಿ ಮತ್ತು ಬಿಳಿಯ ನೈದಿಲೆಗಳೇ. ತೂತಾಂಖಾಮನ್ ಅರಸನ ಶವದ ಮೇಲಿದ್ದ ಹೂಮಾಲೆಗಳಲ್ಲಿಯೂ ನೀಲಿ ನೈದಿಲೆಯ ದಳಗಳು ದೊರೆತಿವೆ.

ಈ ಚಿತ್ರದಲ್ಲಿ ನಾವು ಗಮನಿಸಬೇಕಾದ ಅಂಶವೊಂದಿದೆ. ಕೊಳದ ಅಂಚು ನೇರವಾಗಿದೆ. ಅದು ಮನುಷ್ಯನು ತೋಡಿದ ಕೊಳ. ಮಳೆಯಿಲ್ಲದ ನಾಡಿನಲ್ಲಿ ಇಂಥ ಕೊಳದ ನೀರು ಒಣಗದಂತೆ, ಮೀನು ಹೂಗಳೆರಡೂ ಉಳಿಯುವಂತೆ ನೋಡಿಕೊಂಡವರು ಇದ್ದೇ ಇರಬೇಕು. ಸಮಾಧಿಯ ಗೋಡೆಯ ಮೇಲೆ ಹೆಸರು ಉಳಿದಿರುವುದು ಕೊಳದ ಒಡೆಯನದು.

೪

ಇಲ್ಲಿಂದ ನಾವು ಮೂರು ಸಾವಿರ ವರ್ಷಗಳನ್ನು ದಾಟಿ ಹತ್ತೊಂಬತ್ತನೆಯ ಶತಮಾನದ ಇಂಗ್ಲೆಂಡಿಗೆ ಬರಬೇಕಾಗುತ್ತದೆ. ಏಕೆಂದರೆ ಉಷ್ಣದೇಶದ ನೈದಿಲೆಗಳನ್ನು ಶೀತದೇಶದಲ್ಲಿ ಬೆಳೆಸುವ ಪ್ರಯತ್ನವು ದೊಡ್ಡ ಪ್ರಮಾಣದಲ್ಲಿ ನಡೆದುದು ಅಲ್ಲಿ. ದಕ್ಷಿಣ ಅಮೆರಿಕದ ನದಿಗಳಲ್ಲಿ ಬೆಳೆಯುವ ದೈತ್ಯ ನೈದಿಲೆಗೆ ೧೮೩೭ರಲ್ಲಿ ಲಿಂಡ್ಲಿ ಎಂಬ ಸಸ್ಯಶಾಸ್ತ್ರಜ್ಞನು ವಿಕ್ಟೋರಿಯಾ ರಾಣಿಯ ಹೆಸರನ್ನಿಟ್ಟನು. ಹೆಸರು ಬಂದ ಮೇಲೆ ಹನ್ನೆರಡು ವರ್ಷಗಳ ಕಾಲ ಆ ಸಸ್ಯವು ಇಂಗ್ಲೆಂಡಿನಲ್ಲಿ ಹೂಬಿಡಲಿಲ್ಲ. ಒಣಗಿದ ಬೀಜ ಮೊಳೆಯುತ್ತಿರಲಿಲ್ಲ. ಕೊನೆಗೆ ೧೮೪೯ರಲ್ಲಿ ಶುದ್ಧವಾದ ನೀರು ತುಂಬಿದ ಸೀಸೆಗಳಲ್ಲಿ ಬಂದ ಬೀಜಗಳು ಕ್ಯೂ ಉದ್ಯಾನದಲ್ಲಿ ಮೊಳೆತವು. ಬೀಜವನ್ನು ನೀರಿನಲ್ಲಿಯೇ ಕಳುಹಿಸಬೇಕೆಂಬ ಈ ಸಣ್ಣ ತಿಳಿವಳಿಕೆಯು, ನಾಮಕರಣಕ್ಕಿಂತಲೂ, ಆ ಸಸ್ಯವನ್ನು ಯೂರೋಪಿಗೆ ತಂದಿತೆಂದರೆ ತಪ್ಪಾಗಲಾರದು.

ಆ ಸಸಿಗಳಲ್ಲೊಂದು ಚಾಟ್ಸ್‌ವರ್ತಿನಲ್ಲಿ ಡೆವನ್‌ಷೈರಿನ ಡ್ಯೂಕನ ತೋಟದ ಮುಖ್ಯಸ್ಥನಾಗಿದ್ದ ಜೋಸೆಫ್ ಪ್ಯಾಕ್ಸ್‌ಟನ್ನನ ಕೈಗೆ ಬಂದಿತು. ಆತನು ಗಾಜಿನ ಮನೆಯೊಳಗೆ ತೊಟ್ಟಿಯನ್ನು ಕಟ್ಟಿಸಿ, ನೀರನ್ನು ಬೆಚ್ಚಗಿರಿಸಿ, ನದಿಯ ಮಂದಗತಿಯನ್ನು ಹೋಲುವಂತೆ ಸಣ್ಣ ಚಕ್ರಗಳಿಂದ ನೀರನ್ನು ಅಲುಗಿಸುವ ಏರ್ಪಾಟು ಮಾಡಿದನು. ಅದೇ ವರ್ಷದ ನವೆಂಬರಿನಲ್ಲಿ, ಇಂಗ್ಲೆಂಡಿನಲ್ಲಿ ಚಳಿ ಏರುತ್ತಿರುವಾಗ, ಹೂವು ಅರಳಿತು. ಆ ಎಲೆಯ ಅಡಿಯ ನರಗಳ ಜೋಡಣೆಯನ್ನು ಕಂಡು ಪ್ಯಾಕ್ಸ್‌ಟನ್ನನು ಗಾಜಿನ ಮಾಡಿನ ರಚನೆಗೆ ಸೂಚನೆ ಪಡೆದನೆಂಬುದೂ, ೧೮೫೧ರ ಲಂಡನ್ ಮಹಾಪ್ರದರ್ಶನದ ಸ್ಫಟಿಕ ಭವನವನ್ನು ರಚಿಸಿದವನು ಆತನೇ ಎಂಬುದೂ ಪ್ರಸಿದ್ಧವಾದ ವಿಷಯಗಳು. ೧೮೮೯ರಲ್ಲಿ ಶಂಕುಸ್ಥಾಪನೆಯಾದ ಬೆಂಗಳೂರಿನ ಲಾಲ್‌ಬಾಗಿನ ಗಾಜಿನ ಮನೆಯು ಆ ಮಾದರಿಯ ಪರಂಪರೆಗೆ ಸೇರಿದುದೆಂದು ಹೇಳುವುದುಂಟು.

ಚಾಟ್ಸ್‌ವರ್ತಿನ ಇನ್ನೊಂದು ಕಾರ್ಯವು ಇಷ್ಟು ಪ್ರಸಿದ್ಧವಲ್ಲ; ಆದರೆ ನಮಗೆ ಹೆಚ್ಚು ಸಂಬಂಧಪಟ್ಟುದು. ಭಾರತದ ಕೆಂಪು ನೈದಿಲೆಯು ಆ ಶತಮಾನದ ಆರಂಭದಲ್ಲಿಯೇ ಇಂಗ್ಲೆಂಡಿನ ಗಾಜಿನ ಮನೆಗಳಿಗೆ ಹೋಗಿತ್ತು. ೧೮೫೦ರ ದಶಕದ ಆರಂಭದಲ್ಲಿ ಪ್ಯಾಕ್ಸ್‌ಟನ್ನನು ಅದನ್ನು ರಾತ್ರಿಯಲ್ಲಿ ಅರಳುವ ಬಿಳಿಯ ಜಾತಿಯೊಡನೆ ಕೂಡಿಸಿ ಸಂಕರ ನೈದಿಲೆಯೊಂದನ್ನು ಪಡೆದನು. ಡ್ಯೂಕನ ಗೌರವಾರ್ಥವಾಗಿ ಅದಕ್ಕೆ ‘ಡೆವೊನಿಯೆನ್ಸಿಸ್’ ಎಂದು ಹೆಸರಾಯಿತು. ಉದ್ಯಾನದ ಸಂಕರ ನೈದಿಲೆಗಳ ಮೊದಲ ಸಾಲಿನಲ್ಲಿ ನಿಲ್ಲುವ ಈ ಸಸ್ಯದ ಕೆಂಪು ನಮ್ಮ ಕೆರೆಗಳ ಕೆಂಪು.

೫

ಗಾಜಿನ ಮನೆಯೂ ಅದನ್ನು ಕಾಯಿಸುವ ಒಲೆಯೂ ಡ್ಯೂಕರಿಗೆ ಸಾಧ್ಯ. ಸಾಮಾನ್ಯ ಗೃಹಸ್ಥನಿಗೆ ಸಾಧ್ಯವಲ್ಲ. ಯೂರೋಪಿನ ಬಯಲಿನ ಕೊಳಗಳಲ್ಲಿ ಚಳಿಯನ್ನು ತಾಳಿ ಬದುಕುತ್ತಿದ್ದುದು ಬಿಳಿಯ ನೈದಿಲೆ ಮಾತ್ರ. ಬಣ್ಣವಿದ್ದದ್ದು ಉಷ್ಣದೇಶದ ಸಸ್ಯಗಳಲ್ಲಿ. ಸಹನೆಯಿದ್ದದ್ದು ಶೀತದೇಶದ ಸಸ್ಯಗಳಲ್ಲಿ. ಈ ಎರಡು ಗುಣಗಳನ್ನು ಒಂದೇ ಗಿಡದಲ್ಲಿ ಕೂಡಿಸುವ ಕೆಲಸವನ್ನು ಜೀವಮಾನದ ವ್ರತವಾಗಿ ಕೈಗೊಂಡವನು ಜೋಸೆಫ್ ಬೋರಿ ಲಾತೂರ್-ಮಾರ್ಲಿಯಾಕ್.

೧೮೩೦ರಲ್ಲಿ ಫ್ರಾನ್ಸಿನ ನೈಋತ್ಯ ಭಾಗದಲ್ಲಿ ಜನಿಸಿದ ಈತನು ಓದಿದುದು ಕಾನೂನು; ಒಲಿದುದು ತೋಟಗಾರಿಕೆ. ಮೊದಲು ಬಿದಿರಿನ ಜಾತಿಗಳನ್ನು ತರಿಸಿ ಬೆಳೆಸಿದನು. ೧೮೭೫ರಲ್ಲಿ ಲೋ ನದಿಯ ಬಳಿಯ ಲ ತಾಂಪ್ಲ್-ಸ್ಯೂರ್-ಲೋ ಎಂಬ ಊರಿನಲ್ಲಿ ಈತನು ಸ್ಥಾಪಿಸಿದ ಸಸ್ಯಕ್ಷೇತ್ರವು ನೈದಿಲೆಗಳಿಗೆ ಜಗತ್ಪ್ರಸಿದ್ಧವಾಯಿತು. ಈತನ ಉಪಾಯವು ಸರಳವಾಗಿತ್ತು. ಗಾಜಿನ ಮನೆಯ ಉಷ್ಣದೇಶದ ಸಸ್ಯವನ್ನು ಬಿಟ್ಟು, ಚಳಿಯನ್ನು ತಾಳುವ ಜಾತಿಗಳಲ್ಲಿಯೇ ಎಲ್ಲೆಲ್ಲಿ ಬಣ್ಣವುಂಟೆಂದು ಹುಡುಕುವುದು. ಹಳದಿಯು ಉತ್ತರ ಅಮೆರಿಕದ ದಕ್ಷಿಣ ಭಾಗದಲ್ಲಿಯೂ ಮೆಕ್ಸಿಕೋದಲ್ಲಿಯೂ ಬೆಳೆಯುವ ಒಂದು ಜಾತಿಯಲ್ಲಿತ್ತು; ಮಾಸಲು ಗುಲಾಬಿಯು ಉತ್ತರ ಅಮೆರಿಕದ ಪರಿಮಳದ ನೈದಿಲೆಯ ಒಂದು ಭೇದದಲ್ಲಿತ್ತು; ಕೆಂಪು ಸ್ವೀಡನ್ನಿನ ಒಂದು ಕಾಡಿನ ಸರೋವರದಲ್ಲಿತ್ತು. ಇವುಗಳ ಪರಾಗವನ್ನು ಕೈಯಿಂದ ಕೂಡಿಸಿ, ಬಂದ ಸಸಿಗಳನ್ನು ವರ್ಷಗಟ್ಟಲೆ ಕಾದು ನೋಡಿ, ಬೇಡವಾದುದನ್ನು ಕಿತ್ತೆಸೆದು, ಬೇಕಾದುದನ್ನು ಉಳಿಸಿಕೊಂಡು ಆತನು ಮುನ್ನಡೆದನು. ಮೊದಲಿನ ಯಶಸ್ಸುಗಳಲ್ಲಿ ಮುಖ್ಯವಾದುದು ‘ಮಾರ್ಲಿಯಾಸಿಯಾ ಕ್ರೊಮಾಟೆಲ್ಲಾ’ ಎಂಬ ತಿಳಿಹಳದಿಯ ನೈದಿಲೆ. ೧೮೮೯ರಲ್ಲಿ ಪ್ಯಾರಿಸ್ಸಿನ ಅಂತರರಾಷ್ಟ್ರೀಯ ಪ್ರದರ್ಶನದಲ್ಲಿ, ಐಫೆಲ್ ಗೋಪುರವು ಎದ್ದ ಅದೇ ವರ್ಷ, ಆತನ ನೈದಿಲೆಗಳು ಬಹುಮಾನವನ್ನು ಪಡೆದವು.

ಇಲ್ಲಿ ಇತಿಹಾಸದ ವಿದ್ಯಾರ್ಥಿಯು ನಿಂತು ಯೋಚಿಸಬೇಕಾದ ಎರಡು ವಿಷಯಗಳಿವೆ. ಮೊದಲನೆಯದು, ಲಾತೂರ್-ಮಾರ್ಲಿಯಾಕನು ಸಾಮಾನ್ಯ ತತ್ತ್ವಗಳನ್ನು ತೋಟಗಾರಿಕೆಯ ಪತ್ರಿಕೆಗಳಿಗೆ ಬರೆದನಾದರೂ ತನ್ನ ಸಂಕರಗಳಲ್ಲಿ ಹೆಚ್ಚಿನವುಗಳ ತಾಯಿತಂದೆಗಳು ಯಾವುವೆಂಬುದನ್ನು ಪೂರ್ತಿಯಾಗಿ ಹೊರಗೆಡಹಲಿಲ್ಲ. ೧೯೧೧ರಲ್ಲಿ ಆತನು ತೀರಿಕೊಂಡಾಗ ಆ ತಿಳಿವಳಿಕೆಯ ಬಹುಭಾಗವು ಆತನೊಡನೆಯೇ ಹೋಯಿತು. ಆತನ ಹೂಗಳು ಉಳಿದವು. ಅವುಗಳನ್ನು ಪಡೆದ ದಾರಿ ಉಳಿಯಲಿಲ್ಲ.

ಎರಡನೆಯದು ಇನ್ನೂ ಗಹನವಾದುದು. ಈ ಸಂಕರಗಳಲ್ಲಿ ಅನೇಕವು ಬಂಜೆಗಳು; ಬೀಜ ಕಟ್ಟುವುದಿಲ್ಲ. ಕಟ್ಟಿದರೂ ಬೀಜದ ಸಸಿಯು ತಾಯಿಯನ್ನು ಹೋಲುವುದಿಲ್ಲ. ಆದುದರಿಂದ ಒಂದು ತಳಿಯನ್ನು ಉಳಿಸಬೇಕಾದರೆ ಅದರ ಗುಪ್ತಕಾಂಡವನ್ನು ತುಂಡರಿಸಿ ಮತ್ತೆ ನೆಡುವುದೊಂದೇ ಉಪಾಯ. ಇಂದು ಎಲ್ಲಿಯಾದರೂ ಅಚ್ಚ ಕ್ರೊಮಾಟೆಲ್ಲಾ ಅರಳಿದ್ದರೆ ಅದು ಆ ಫ್ರೆಂಚ್ ಕೊಳದ ಮೊದಲ ಗಿಡದ ತುಂಡಿನ ತುಂಡು. ನಡುವೆ ಬೀಜವಿಲ್ಲ, ಹೊಸ ಹುಟ್ಟಿಲ್ಲ. ಒಂದು ಕೈಯಿಂದ ಇನ್ನೊಂದು ಕೈಗೆ ದಾಟಿದ ಕತ್ತಿ, ಮಣ್ಣು, ಕುಂಡ ಇಷ್ಟೇ ಇವೆ. ಆ ಸರಪಳಿಯಲ್ಲಿ ಒಂದು ತಲೆಮಾರಿನ ತೋಟಗಾರರೆಲ್ಲರೂ ಅಸಡ್ಡೆ ಮಾಡಿದ್ದರೆ ಆ ಹೂವು ಈಗ ಚಿತ್ರದಲ್ಲಿ ಮಾತ್ರ ಇರುತ್ತಿತ್ತು. ಶಿಲಾಶಾಸನವು ಯಾರೂ ಓದದಿದ್ದರೂ ಸಾವಿರ ವರ್ಷ ನಿಲ್ಲುತ್ತದೆ. ಈ ಬಗೆಯ ಪರಂಪರೆಯು ಎರಡು ಮೂರು ವರ್ಷಗಳಿಗೊಮ್ಮೆ ನವೀಕರಣಗೊಳ್ಳದಿದ್ದರೆ ನಶಿಸಿಹೋಗುತ್ತದೆ.

೬

ಲಾತೂರ್-ಮಾರ್ಲಿಯಾಕನ ಗಿರಾಕಿಗಳಲ್ಲಿ ಒಬ್ಬನು ಚಿತ್ರಕಾರನಾದ ಕ್ಲಾಡ್ ಮೊನೆ. ೧೮೮೩ರಿಂದ ಜಿವೆರ್ನಿ ಎಂಬ ಹಳ್ಳಿಯಲ್ಲಿ ವಾಸವಾಗಿದ್ದ ಈತನು ೧೮೯೦ರಲ್ಲಿ ಅಲ್ಲಿನ ಮನೆಯನ್ನು ಕೊಂಡನು. ೧೮೯೩ರಲ್ಲಿ ರೈಲುಹಾದಿಯ ಆಚೆಗಿದ್ದ ಜೌಗು ನೆಲವನ್ನು ಕೊಂಡು ಅಲ್ಲಿ ಕೊಳ ಮಾಡಬೇಕೆಂದು ಬಯಸಿದನು. ಎಪ್ಟ್ ನದಿಯ ಒಂದು ಸಣ್ಣ ಕವಲು ಪಕ್ಕದಲ್ಲಿ ಹರಿಯುತ್ತಿತ್ತು. ಅದರ ನೀರನ್ನು ತಿರುಗಿಸಿಕೊಳ್ಳಲು ಸರ್ಕಾರದ ಅನುಮತಿ ಬೇಕಾಗಿತ್ತು. ಊರಿನವರು ಇದಕ್ಕೆ ಅಡ್ಡಿಯೊಡ್ಡಿದರು. ಅದೇ ನೀರಿನಲ್ಲಿ ಅವರ ಬಟ್ಟೆ ಒಗೆಯುವ ಕೆಲಸ ನಡೆಯುತ್ತಿತ್ತು. ಅವರ ದನಗಳು ಅದನ್ನೇ ಕುಡಿಯುತ್ತಿದ್ದವು. ಕಂಡುಕೇಳದ ಪರದೇಶದ ಗಿಡಗಳು ನೀರನ್ನು ಕೆಡಿಸುವುವೆಂದು ಅವರು ಅಂಜಿದರು. ಮೊನೆಯು ೧೮೯೩ರ ಜುಲೈಯಲ್ಲಿ ಜಿಲ್ಲೆಯ ಅಧಿಕಾರಿಗೆ ಬರೆದ ಪತ್ರದಲ್ಲಿ, ಈ ಕೊಳವು ಕಣ್ಣಿನ ಸಂತೋಷಕ್ಕಾಗಿಯೂ ಚಿತ್ರಕ್ಕೆ ವಸ್ತುವಾಗಲೆಂದೂ ಮಾಡುವಂಥದೆಂದು ವಿವರಿಸಿದನು. ಅದೇ ತಿಂಗಳು ಅನುಮತಿ ದೊರೆಯಿತು.

ಕಲೆಯ ಇತಿಹಾಸಗಳಲ್ಲಿ ಈ ಪ್ರಸಂಗವು ಹಳ್ಳಿಗರ ಅಜ್ಞಾನಕ್ಕೆ ಉದಾಹರಣೆಯಾಗಿ ಬರುವುದುಂಟು. ನಮಗೆ ಅದು ಅಷ್ಟು ಸುಲಭವಾಗಿ ತೋರುವುದಿಲ್ಲ. ನೈದಿಲೆಯು ನೀರಿಗೆ ವಿಷವಲ್ಲವೆಂಬುದು ನಿಜ. ಆದರೆ ಅನ್ಯದೇಶದಿಂದ ಸೌಂದರ್ಯಕ್ಕಾಗಿ ಬಂದ ಜಲಸಸ್ಯಗಳು ಕೊಳವನ್ನು ದಾಟಿ ಹೊಳೆಕೆರೆಗಳನ್ನು ಮುಚ್ಚಿಬಿಡುವುದುಂಟೆಂಬುದಕ್ಕೆ ನಮ್ಮ ಕೆರೆಗಳನ್ನು ಹಿಡಿದಿರುವ ದಕ್ಷಿಣ ಅಮೆರಿಕದ ಅಂತರಗಂಗೆಯೇ ಸಾಕ್ಷಿ. ಕೆಳಗಿನ ದಂಡೆಯಲ್ಲಿ ಬಟ್ಟೆ ಒಗೆಯುವವರು ಮೇಲಿನ ದಂಡೆಯವನನ್ನು ಪ್ರಶ್ನಿಸಿದುದು ಅಯುಕ್ತವಾಗಿರಲಿಲ್ಲ.

ಅನುಮತಿಯ ಮರುವರ್ಷ, ಎಂದರೆ ೧೮೯೪ರಲ್ಲಿ, ಮೊನೆಯು ಲಾತೂರ್-ಮಾರ್ಲಿಯಾಕನಿಂದ ನೈದಿಲೆಗಳನ್ನು ತರಿಸಿದನು. ೧೯೦೧ರಿಂದ ಮುಂದೆ ಕೊಳವನ್ನು ವಿಸ್ತರಿಸಿದನು. ತೋಟದಲ್ಲಿ ಹಲವರು ಕೆಲಸಗಾರರಿದ್ದರು. ಅವರಲ್ಲಿ ಒಬ್ಬನಿಗೆ ಕೊಳದ ಪಾಲನೆಯೇ ಕೆಲಸ. ಆತನು ಸಣ್ಣ ದೋಣಿಯಲ್ಲಿ ಕುಳಿತು ಬಾಡಿದ ಹೂಗಳನ್ನೂ ಹಳದಿಯಾದ ಎಲೆಗಳನ್ನೂ ತೆಗೆದು, ಪಾಚಿಯನ್ನು ಬಾಚಿ, ಎಲೆಗಳ ಮೇಲಿನ ಧೂಳನ್ನು ತೊಳೆಯುತ್ತಿದ್ದನು. ಪಕ್ಕದ ರಸ್ತೆಯ ಧೂಳು ಎಲೆಗಳ ಮೇಲೆ ಕೂರುವುದನ್ನು ಸಹಿಸದೆ ಮೊನೆಯು ತನ್ನ ಹಣದಿಂದ ಆ ರಸ್ತೆಗೆ ಡಾಂಬರು ಹಾಕಿಸಿದನೆಂದು ಹೇಳುತ್ತಾರೆ. ಇದನ್ನು ಚಿತ್ರಕಾರನ ಹಟವೆಂದು ನಗಬಹುದು. ಆದರೆ ಇದಕ್ಕೆ ಸಸ್ಯಶಾಸ್ತ್ರದ ಸಮರ್ಥನೆಯೂ ಇದೆ. ನೆಲದ ಮೇಲಣ ಗಿಡಗಳಲ್ಲಿ ಪತ್ರರಂಧ್ರಗಳು ಹೆಚ್ಚಾಗಿ ಎಲೆಯ ಅಡಿಯಲ್ಲಿರುತ್ತವೆ. ತೇಲುವ ನೈದಿಲೆಯ ಎಲೆಯ ಅಡಿಯಲ್ಲಿ ಇರುವುದು ನೀರು. ಆದುದರಿಂದ ಅದರ ಪತ್ರರಂಧ್ರಗಳು ಮೇಲ್ಮೈಯಲ್ಲಿವೆ. ಮೇಲೆ ಧೂಳು ಕುಳಿತರೆ ಎಲೆಯ ಉಸಿರಾಟಕ್ಕೂ ಬೆಳಕಿಗೂ ಒಟ್ಟಿಗೆ ಅಡ್ಡಿಯಾಗುತ್ತದೆ.

ಮೊನೆಯು ಸುಮಾರು ೨೫೦ ನೈದಿಲೆಯ ಚಿತ್ರಗಳನ್ನು ಬರೆದನು. ೧೯೦೯ರಲ್ಲಿ ಅವುಗಳಲ್ಲಿ ೪೮ ಚಿತ್ರಗಳು ಪ್ಯಾರಿಸ್ಸಿನಲ್ಲಿ ಪ್ರದರ್ಶಿತವಾದವು; ಆತನು ೧೯೨೬ರಲ್ಲಿ ತೀರಿಕೊಂಡ ಮೇಲೆ, ೧೯೨೭ರಲ್ಲಿ, ಪ್ಯಾರಿಸ್ಸಿನ ಒರಾಂಜೆರಿಯಲ್ಲಿ ದೊಡ್ಡ ಫಲಕಗಳು ಸಾರ್ವಜನಿಕರಿಗೆ ತೆರೆದವು. ಆ ಚಿತ್ರಗಳಲ್ಲಿ ಎಲೆಗಳ ಗುಂಪುಗಳ ನಡುವೆ ಆಕಾಶವೂ ಮೋಡವೂ ಪ್ರತಿಬಿಂಬಿಸುವ ತೆರವು ನೀರು ಕಾಣುತ್ತದೆ. ಹಾಗೆಯೇ ಬಿಟ್ಟ ಕೊಳದಲ್ಲಿ ಆ ತೆರವು ಉಳಿಯುವುದಿಲ್ಲ. ಕೆಲವೇ ವರ್ಷಗಳಲ್ಲಿ ಎಲೆಗಳು ಒಂದರ ಮೇಲೊಂದೇರಿ ನೀರನ್ನೆಲ್ಲ ಮುಚ್ಚುತ್ತವೆ. ಚಿತ್ರಕಾರನು ಕಂಡ ತೆರವು ದೋಣಿಯವನ ಶ್ರಮದ ಫಲ. ಇದಕ್ಕೆ ವ್ಯತಿರೇಕದ ಪುರಾವೆಯೂ ಇದೆ. ಇಪ್ಪತ್ತನೆಯ ಶತಮಾನದ ನಡುಭಾಗದಲ್ಲಿ ತೋಟವು ಪಾಳುಬಿದ್ದಿತು, ದಂಡೆಗಳು ಕುಸಿದವು. ೧೯೭೭ರಿಂದ ಮುಂದೆ ಜೀರ್ಣೋದ್ಧಾರ ನಡೆದು, ಕೊಳವನ್ನು ಮತ್ತೆ ತೋಡಿ, ೧೯೮೦ರಲ್ಲಿ ಅದನ್ನು ಜನರಿಗೆ ತೆರೆದರು. ಚಿತ್ರಗಳು ವಸ್ತುಸಂಗ್ರಹಾಲಯದಲ್ಲಿ ಸುರಕ್ಷಿತವಾಗಿದ್ದವು. ಕೊಳಕ್ಕೆ ಅಂಥ ಸುರಕ್ಷತೆ ಇರಲಿಲ್ಲ.

೭

ಹೀಗೆ ಒಂದೂವರೆ ಶತಮಾನದ ಪ್ರಯೋಗದಿಂದ ನೆಲೆಗೊಂಡ ಆರೈಕೆಯ ಕ್ರಮವನ್ನು ಇಲ್ಲಿ ಕಾರಣಸಹಿತವಾಗಿ ಸಂಗ್ರಹಿಸುವುದು ಉಪಯುಕ್ತವೆಂದು ಭಾವಿಸುತ್ತೇವೆ. ಕಾಲೇಜುಗಳ ಆವರಣದಲ್ಲಿ ಸಣ್ಣ ಕೊಳವನ್ನಿಟ್ಟುಕೊಂಡಿರುವ ಅಧ್ಯಾಪಕರಿಗೆ ಇದರಿಂದ ಸಹಾಯವಾಗಬಹುದು.

ಜಾಗವು ದಿನಕ್ಕೆ ಕನಿಷ್ಠ ಐದಾರು ಗಂಟೆ ನೇರವಾದ ಬಿಸಿಲು ಬೀಳುವಂಥದಾಗಿರಬೇಕು. ನೆರಳಿನಲ್ಲಿ ಎಲೆ ಬರುತ್ತದೆ, ಹೂ ಬರುವುದಿಲ್ಲ. ನೀರು ನಿಶ್ಚಲವಾಗಿರಬೇಕು, ಕಾರಂಜಿಯ ಹನಿಗಳು ಸದಾ ಎಲೆಯ ಮೇಲೆ ಬೀಳುತ್ತಿದ್ದರೆ ಗಿಡ ಏಳಿಗೆಯಾಗದು. ಹೊಸದಾಗಿ ಕಟ್ಟಿದ ಸಿಮೆಂಟಿನ ತೊಟ್ಟಿಯಾದರೆ ಸುಣ್ಣದ ಅಂಶ ಹೋಗುವವರೆಗೆ ನೀರನ್ನು ತುಂಬಿ ಕೆಲವು ದಿನ ಬಿಟ್ಟು ಚೆಲ್ಲುವುದನ್ನು ಹಲವು ಸಲ ಮಾಡಬೇಕು.

ಗಿಡವನ್ನು ಕೊಳದ ತಳದಲ್ಲಿ ನೆಡುವುದಕ್ಕಿಂತ ಅಗಲವಾದ, ಆಳ ಕಡಿಮೆಯಾದ ಕುಂಡದಲ್ಲಿ ನೆಡುವುದು ಮೇಲು. ಹರಡದಂತೆ ಹಿಡಿತದಲ್ಲಿಡಲೂ ಬೇರ್ಪಡಿಸಲೂ ಇದರಿಂದ ಅನುಕೂಲ. ಮಣ್ಣು ಜಿಗುಟಾಗಿರಬೇಕು. ನಮ್ಮ ಕಡೆಯ ಕೆರೆಗೋಡು ಇದಕ್ಕೆ ಒಪ್ಪುತ್ತದೆ. ಎಲೆಗೊಬ್ಬರವನ್ನು ಬೆರೆಸಿದರೆ ಅದು ತೇಲಿಬರುತ್ತದೆ. ಹಸಿಯ ಸಗಣಿಗೊಬ್ಬರ ಹಾಕಿದರೆ ನೀರು ಕೊಳೆತು ಹಸುರಾಗುತ್ತದೆ. ಶೀತದೇಶದ ತಳಿಯಾದರೆ ಗುಪ್ತಕಾಂಡವನ್ನು ಕುಂಡದ ಅಂಚಿನಲ್ಲಿ ಓರೆಯಾಗಿ ಮಲಗಿಸಿ, ಮೊಳಕೆಯ ತುದಿಯು ನಡುವಿನ ಕಡೆಗೆ ಮುಖಮಾಡಿ ಮಣ್ಣಿನಿಂದ ಹೊರಗಿರುವಂತೆ ನೆಡಬೇಕು. ಅದು ಅಡ್ಡಲಾಗಿ ಬೆಳೆಯುವುದರಿಂದ ಮುಂದೆ ಜಾಗ ಬೇಕು. ಉಷ್ಣದೇಶದ ತಳಿಯ ಗೆಡ್ಡೆಯನ್ನು ನಡುವೆಯೇ ನೆಡಬೇಕು. ಎರಡರಲ್ಲಿಯೂ ಮೊಳಕೆಯನ್ನು ಹೂಳಬಾರದು. ಮಣ್ಣು ಕದಡದಂತೆ ಮೇಲೆ ಸಣ್ಣ ಜಲ್ಲಿಯನ್ನು ಹರಡಬೇಕು.

ಕುಂಡವನ್ನು ಮೊದಲು ಒಂದು ಗೇಣಿಗಿಂತ ಕಡಿಮೆ ನೀರಿನಡಿಯಲ್ಲಿರಿಸಿ, ಎಲೆಯ ತೊಟ್ಟುಗಳು ಉದ್ದವಾದಂತೆ ಕ್ರಮಕ್ರಮವಾಗಿ ಇಳಿಸಬೇಕು. ಹೆಚ್ಚಿನ ತಳಿಗಳಿಗೆ ಒಂದರಿಂದ ಎರಡು ಅಡಿಯ ನೀರು ಸಾಕು. ಎರಡು ಮೂರು ವರ್ಷಗಳಿಗೊಮ್ಮೆ ಮೇಲೆತ್ತಿ, ಎಳೆಯ ತುದಿಯಿರುವ ತುಂಡುಗಳನ್ನು ಕತ್ತರಿಸಿ ಹೊಸ ಮಣ್ಣಿನಲ್ಲಿ ನೆಡಬೇಕು. ಎಲೆಗಳು ನೀರಿನ ಮೇಲ್ಮೈಯ ಅರ್ಧಕ್ಕಿಂತ ತುಸು ಹೆಚ್ಚನ್ನು ಮುಚ್ಚಿದರೆ ಸಾಕು. ಅಷ್ಟು ನೆರಳಿನಿಂದ ಪಾಚಿ ಅಡಗುತ್ತದೆ, ಉಳಿದ ತೆರವಿನಿಂದ ಮೀನಿಗೆ ಗಾಳಿ ಸಿಕ್ಕುತ್ತದೆ. ಸೊಳ್ಳೆಯ ಮರಿಗಳನ್ನು ತಿನ್ನಲು ಮೀನು ಇರಲೇಬೇಕು.

ಯೂರೋಪಿನ ತೋಟಗಾರನಿಗೆ ಶತ್ರು ಚಳಿ. ನಮಗೆ ಅದರ ಭಯ ಕಡಿಮೆ. ಪ್ಯಾಕ್ಸ್‌ಟನ್ನನು ಕಾಯಿಸಿ ಪಡೆದ ನೀರು ನಮ್ಮಲ್ಲಿ ಬಿಸಿಲಿಗೇ ದೊರೆಯುತ್ತದೆ. ನಮ್ಮ ತೊಂದರೆ ಬೇಸಗೆಯಲ್ಲಿ ನೀರು ಆರುವುದು, ಹೂಳು ತುಂಬುವುದು, ಚರಂಡಿಯ ನೀರು ಬಂದು ಸೇರುವುದು.

೮

ಆರೈಕೆಯ ತಿಳಿವಳಿಕೆ ಇಲ್ಲದೆ ಆಸೆ ಮಾತ್ರ ಇದ್ದರೆ ಏನಾಗುತ್ತದೆಂಬುದಕ್ಕೆ ಮೇಲೆ ಹೇಳಿದ ಸ್ವೀಡನ್ನಿನ ಸರೋವರವು ನಿದರ್ಶನ. ಫಾಗರ್‌ಟ್ಯಾರ್ನ್ ಎಂಬ ಆ ಸರೋವರದಲ್ಲಿ ಕೆಂಪು ನೈದಿಲೆಯು ೧೮೫೬ರಲ್ಲಿ ಪತ್ತೆಯಾಯಿತು. ಉದ್ಯಾನದ ಕೆಂಪು ತಳಿಗಳ ಮೂಲವು ಬಹುಮಟ್ಟಿಗೆ ಅದೇ ಎಂಬುದು ಸಾಮಾನ್ಯವಾದ ಅಭಿಪ್ರಾಯ. ಸುದ್ದಿ ಹರಡಿದಂತೆ ಸಂಗ್ರಾಹಕರೂ ಮಾರಾಟಗಾರರೂ ಬಂದು ಗಿಡಗಳನ್ನು ಕಿತ್ತೊಯ್ದರು. ಅರ್ಧ ಶತಮಾನದೊಳಗೆ ಅದು ನಾಶದ ಅಂಚಿಗೆ ಬಂದು, ೧೯೦೫ರಲ್ಲಿ ಕಾನೂನಿನ ರಕ್ಷಣೆ ಕೊಡಬೇಕಾಯಿತು.

ಇದಕ್ಕೆ ಪ್ರತಿಯಾದ ನಿದರ್ಶನವು ನಮ್ಮ ಕಾಲದ್ದು. ಆಫ್ರಿಕದ ರುವಾಂಡಾ ದೇಶದ ಮಾಶ್ಯೂಝಾ ಎಂಬಲ್ಲಿ ಬಿಸಿನೀರಿನ ಬುಗ್ಗೆಯ ಅಂಚಿನ ಕೆಸರಿನಲ್ಲಿ ಬೆಳೆಯುತ್ತಿದ್ದ ಅತಿ ಸಣ್ಣ ನೈದಿಲೆಯೊಂದನ್ನು ಜರ್ಮನಿಯ ಸಸ್ಯಶಾಸ್ತ್ರಜ್ಞ ಎಬರ್‌ಹಾರ್ಡ್ ಫಿಷರರು ೧೯೮೭ರಲ್ಲಿ ಗುರುತಿಸಿದರು. ಅದರ ಎಲೆಯ ಅಗಲವು ಒಂದು ಸೆಂಟಿಮೀಟರಿನಷ್ಟೂ ಇರಬಹುದು. ಬುಗ್ಗೆಯ ನೀರನ್ನು ಬೇರೆಡೆಗೆ ತಿರುಗಿಸಿದುದರಿಂದ ೨೦೦೮ರ ಹೊತ್ತಿಗೆ ಅದು ಆ ಸ್ಥಳದಲ್ಲಿ ಇಲ್ಲವಾಯಿತು. ಬಾನ್ ನಗರದ ಸಸ್ಯೋದ್ಯಾನದಲ್ಲಿ ಕೆಲವು ಗಿಡಗಳೂ ಬೀಜಗಳೂ ಉಳಿದಿದ್ದವು. ಕ್ಯೂ ಉದ್ಯಾನಕ್ಕೆ ಬಂದ ಬೀಜಗಳು ಮೊಳೆತರೂ ಸಸಿಗಳು ನೀರಿನಡಿಯಲ್ಲಿ ಸಾಯುತ್ತಿದ್ದವು. ಅಲ್ಲಿನ ತೋಟಗಾರರಾದ ಕಾರ್ಲೋಸ್ ಮ್ಯಾಗ್ಡಲೀನಾ ಅವರು ೨೦೦೯ರಲ್ಲಿ ಕಾರಣವನ್ನು ಕಂಡುಕೊಂಡರು. ಉಳಿದ ನೈದಿಲೆಗಳ ಸಸಿಗಳು ನೀರಿನೊಳಗೆ ಬೆಳೆದರೆ ಇದು ಒದ್ದೆಯಾದ ಕೆಸರಿನ ಮೇಲೆ, ಗಾಳಿಯನ್ನು ಮುಟ್ಟಿಕೊಂಡು ಬೆಳೆಯುವಂಥದು. ಅದಕ್ಕೆ ಬೇಕಾದ ಇಂಗಾಲದ ಡೈಆಕ್ಸೈಡು ನೀರಿನಡಿಯಲ್ಲಿ ಸಾಲದು. ಕುಂಡವನ್ನು ನೀರಿನ ಮಟ್ಟಕ್ಕೆ ಏರಿಸಿದೊಡನೆ ಸಸಿಗಳು ಚಿಗುರಿದವು. ೨೦೧೪ರಲ್ಲಿ ಕ್ಯೂ ಉದ್ಯಾನದಿಂದ ಅದರ ಒಂದು ಗಿಡವನ್ನು ಯಾರೋ ಕದ್ದರು; ಸ್ವೀಡನ್ನಿನ ಹಳೆಯ ಆಸೆ ಇನ್ನೂ ಸತ್ತಿರಲಿಲ್ಲ. ೨೦೨೩ರಲ್ಲಿ ರುವಾಂಡಾದಲ್ಲಿಯೇ ಅದು ಮತ್ತೆ ಕಂಡುಬಂದುದು ಸಮಾಧಾನದ ಸಂಗತಿ. ನಡುವಿನ ಹದಿನೈದು ವರ್ಷಗಳಲ್ಲಿ, ಅದು ಕಾಡಿನಲ್ಲಿ ಅಳಿಯಿತೆಂದೇ ಜಗತ್ತು ನಂಬಿದ್ದಾಗ, ಅದನ್ನು ಕಾದುಕೊಂಡದ್ದು ಕೆಲವು ಕುಂಡಗಳು ಮತ್ತು ಅವನ್ನು ಎಷ್ಟು ಎತ್ತರದಲ್ಲಿಡಬೇಕೆಂಬ ತಿಳಿವಳಿಕೆ.

೯

ಇದುವರೆಗೆ ಹೇಳಿದುದರಿಂದ ಒಂದು ನಿರ್ಣಯಕ್ಕೆ ಬರಬಹುದು. ನೀರಿನ ಸೀಸೆಯಲ್ಲಿ ಬಂದ ಬೀಜ, ಚಾಟ್ಸ್‌ವರ್ತಿನ ಚಕ್ರ, ತಾಂಪ್ಲ್ ಊರಿನ ಕತ್ತಿ, ಜಿವೆರ್ನಿಯ ದೋಣಿ, ಕ್ಯೂ ಉದ್ಯಾನದ ಕುಂಡ ಇವೆಲ್ಲವೂ ಒಂದೇ ಬಗೆಯ ಜ್ಞಾನದ ಕುರುಹುಗಳು. ಅದು ಗ್ರಂಥಗಳಲ್ಲಿ ವಿರಳವಾಗಿ, ಕೈಗಳಲ್ಲಿ ಹೇರಳವಾಗಿ ಇರುವ ಜ್ಞಾನ. ಬರೆದಿಡದಿದ್ದರೆ ಅದು ಲಾತೂರ್-ಮಾರ್ಲಿಯಾಕನ ಗುಟ್ಟಿನಂತೆ ಒಬ್ಬ ಮನುಷ್ಯನೊಡನೆ ಮುಗಿದುಹೋಗುತ್ತದೆ.

ನಮ್ಮ ನಾಡಿನಲ್ಲಿ ದೇವಾಲಯಗಳ ಕಲ್ಯಾಣಿಗಳೂ ಊರುಗಳ ಕೆರೆಕಟ್ಟೆಗಳೂ ಇನ್ನೂ ಅಲ್ಲಲ್ಲಿ ನೈದಿಲೆಯನ್ನು ತಳೆದಿವೆ. ಅವುಗಳನ್ನು ತೋಡಿಸಿದವರ ಹೆಸರುಗಳನ್ನು ನಮ್ಮ ಶಾಸನತಜ್ಞರು ಶ್ರಮಪಟ್ಟು ಓದಿಕೊಟ್ಟಿದ್ದಾರೆ. ಪೂಜೆಗೆ ಹೂವನ್ನು ಬಿಡಿಸಲು ನೀರಿಗಿಳಿಯುವವರು, ಹೂಳೆತ್ತುವವರು, ಸಾರ್ವಜನಿಕ ಉದ್ಯಾನಗಳ ಮಾಲಿಗಳು ಬಲ್ಲ ವಿಷಯಗಳು ಯಾವ ಶಾಸನದಲ್ಲಿಯೂ ಇಲ್ಲ. ಯಾವ ತಿಂಗಳಲ್ಲಿ ಯಾವ ಬಣ್ಣ ಮೊದಲು ಬರುತ್ತದೆ, ಯಾವ ಕೊಳದಲ್ಲಿ ಒಂದು ಕಾಲಕ್ಕಿದ್ದ ನೀಲಿ ಈಗಿಲ್ಲ, ಯಾವ ವರ್ಷದಿಂದ ಅಂತರಗಂಗೆ ಬಂದಿತು ಎಂಬುದನ್ನು ಹೇಳಬಲ್ಲ ವೃದ್ಧರು ಇಂದು ಇದ್ದಾರೆ. ಪ್ರತಿಯೊಂದು ಕಾಲೇಜಿನ ಇತಿಹಾಸ ವಿಭಾಗವೂ ತನ್ನ ಸುತ್ತಲಿನ ಒಂದು ಕೊಳವನ್ನಾದರ ಆರಿಸಿಕೊಂಡು, ಅದನ್ನು ನೋಡಿಕೊಂಡವರ ಮಾತನ್ನು ವಿದ್ಯಾರ್ಥಿಗಳಿಂದ ಬರೆಸಿಡುವುದಾದರೆ ಅದು ಅಲ್ಪವಾದ ಕೆಲಸವೇನೂ ಆಗದು. ಹೂವನ್ನು ಕಂಡವರ ಸಾಹಿತ್ಯ ನಮ್ಮಲ್ಲಿ ಸಮೃದ್ಧವಾಗಿದೆ. ಅದನ್ನು ಉಳಿಸಿದವರ ಇತಿಹಾಸವನ್ನು ಬರೆಯಲು ಇನ್ನೂ ಕಾಲ ಮಿಂಚಿಲ್ಲ.